ಎರಡು ಗಂಟೆಯ ದೋಣಿ

ನನ್ನ ಹೆಂಡತಿಯನ್ನು ಪ್ರವಾಸವೆಂದು ನಾನು ಕರೆದುಕೊಂಡು ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಅದು ಅಂಡಮಾನಿಗೆ, ಸುನಾಮಿ ಬರುವುದಕ್ಕೆ ಎರಡು ವರ್ಷ ಮೊದಲು. ಆಗ ನಾನು ಕೂಡ್ಲಿಗಿಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕೇಂದ್ರ ಸರ್ಕಾರದ ನೌಕರಿಯಾದ್ದರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿ ಬರುವ ರಜೆಯ ಸವಲತ್ತು ಇತ್ತು. ಅಲ್ಲಿಯವರೆಗೆ ಅದನ್ನು ನಾವು ಒಮ್ಮೆಯೂ ಬಳಸಿರಲಿಲ್ಲ.

ಬಳಸದಿರಲು ಕಾರಣವಿತ್ತು. ನನ್ನ ಅವ್ವ ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದಳು. ಆ ಆರು ವರ್ಷ ಅವಳ ಮೈ ಒರೆಸಿದವಳು, ಬಾಯಿಗೆ ಗಂಜಿ ಹಾಕಿದವಳು, ಬಟ್ಟೆ ಬದಲಿಸಿದವಳು ನನ್ನ ಹೆಂಡತಿ. ನಮಗೆ ಮಕ್ಕಳಿರಲಿಲ್ಲ. ಆಸ್ಪತ್ರೆ, ಮನೆ, ನಲ್ಲಿಯ ಸರದಿ, ಇಷ್ಟರಲ್ಲಿಯೇ ಅವಳ ದಿನಗಳು ಹೋದವು. ಅವ್ವ ತೀರಿಕೊಂಡ ಮೇಲೆ ಒಂದು ತಿಂಗಳು ಅವಳು ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಅದನ್ನು ಗಮನಿಸಿದವಳು ಅವಳ ಅಕ್ಕ. ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ಸತ್ತಾಗ ನನ್ನ ಹೆಂಡತಿಗೆ ನಾಲ್ಕು ವರ್ಷವಂತೆ. ಅಕ್ಕ ಮದುವೆಯಾಗಿ ತುಂಗಭದ್ರೆಯ ದಂಡೆಯ ಹಲವಾಗಲಿಗೆ ಹೋಗುವಾಗ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಗಂಡನ ಮನೆ ಹೊಕ್ಕಳಂತೆ. ನನ್ನ ಹೆಂಡತಿ ಬೆಳೆದದ್ದು, ಮೈನೆರೆದದ್ದು, ನನಗೆ ಮದುವೆಯಾಗಿ ಬಂದದ್ದು ಎಲ್ಲವೂ ಆ ಮನೆಯಿಂದಲೇ. ಅಕ್ಕ ಅಂಗನವಾಡಿಯಲ್ಲಿ ಅಡಿಗೆ ಮಾಡುತ್ತಿದ್ದಳು. ಎತ್ತರದ ಹೆಂಗಸು, ದೊಡ್ಡ ದನಿ. ನನ್ನನ್ನು ಅಳಿಯನಂತೆ ನೋಡುತ್ತಿದ್ದಳೇ ಹೊರತು ಮೈದುನನಂತಲ್ಲ.

ಅವ್ವನ ತಿಂಗಳ ಕಾರ್ಯ ಮುಗಿಸಿ ಊರಿಗೆ ಹೊರಟಾಗ ಅವಳು ನನ್ನನ್ನು ಬಾಗಿಲ ಹೊರಗೆ ಕರೆದಳು.

"ನೋಡಪ, ನನ್ನ ತಂಗಿನ ಈ ಮನಿಗೆ ಕೊಟ್ಟು ಹದಿಮೂರು ವರ್ಷಾತು. ದವಾಖಾನಿ ಬಿಟ್ರ ಆಕಿ ಏನು ನೋಡ್ಯಾಳ? ಎಲ್ಲಿಗಾರ ಕರ್ಕಂಡು ಹೋಗು. ದೂರ ಕರ್ಕಂಡು ಹೋಗು. ಒಂದು ನಾಕು ದಿನ ಆಕಿ ಕೈಗೆ ಕೆಲಸ ಇರಬಾರದು."

ನಮ್ಮ ಕಚೇರಿಯ ಹಿರಿಯರೊಬ್ಬರು ಅಂಡಮಾನಿಗೆ ಹೋಗಿ ಬಂದು ಫೋಟೋಗಳ ಆಲ್ಬಂ ತಂದು ತೋರಿಸಿದ್ದರು. ನೀಲಿ ನೀರು, ಬಿಳಿ ಮರಳು. ಅದನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟೆ.

"ಅಷ್ಟು ದೂರ ಯಾಕ್ರಿ? ಹಂಪಿಗೆ ಹೋಗಿ ಸಂಜಿಕ ಬಂದ್ಬಿಡಾಣ," ಎಂದಳು. ಆದರೆ ಆಲ್ಬಂ ಎರಡು ದಿನ ನಮ್ಮ ಮನೆಯಲ್ಲೇ ಇತ್ತು. ಅವಳು ಅದನ್ನು ಒಬ್ಬಳೇ ತಿರುವಿ ಹಾಕುತ್ತಿದ್ದುದನ್ನು ನಾನು ಕಂಡೆ.

ಮದ್ರಾಸಿನಿಂದ ಹಡಗಿನಲ್ಲಿ ಮೂರು ದಿನ. ಇಬ್ಬರೂ ವಾಂತಿ ಮಾಡಿಕೊಂಡು ಮಲಗಿದ್ದೇ ಹೆಚ್ಚು. ಪೋರ್ಟ್ ಬ್ಲೇರಿನಲ್ಲಿ ಇಳಿದು ಒಂದು ದಿನ ತಂಗಿ, ಅಲ್ಲಿಂದ ಮತ್ತೆ ಸಣ್ಣ ದೋಣಿಯಲ್ಲಿ ಒಂದು ಪುಟ್ಟ ದ್ವೀಪಕ್ಕೆ ಹೋದೆವು. ದೋಣಿಯೆಂದರೆ ನೂರು ಜನ ಹಿಡಿಸುವ ಮೋಟಾರು ದೋಣಿ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಬಂದು ಮಧ್ಯಾಹ್ನ ಎರಡು ಗಂಟೆಗೆ ವಾಪಸು. ಹೊರಡುವ ಮೊದಲು ಪೋರ್ಟ್ ಬ್ಲೇರಿನ ಎಸ್‌ಟಿಡಿ ಬೂತಿನಿಂದ ಹಲವಾಗಲಿಗೆ ಫೋನ್ ಮಾಡಿ ಹೋಟೆಲಿನ ನಂಬರು ಬರೆಸಿದೆ. ಅಕ್ಕ ಫೋನಿನಲ್ಲಿ ಕೂಗುತ್ತಿದ್ದುದು ಬೂತಿನ ಹೊರಗೂ ಕೇಳುತ್ತಿತ್ತು. "ಸಮುದ್ರ ಎಷ್ಟು ದೊಡ್ಡದೈತವ್ವಾ? ನಮ್ಮ ಹೊಳಿಯಷ್ಟು ಐತೇನು?" ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡಳು.

ಹೋಟೆಲು ಮರಳಿನ ಮೇಲೆಯೇ ಇತ್ತು. ತೆಂಗಿನ ಮರಗಳ ನಡುವೆ ಗರಿ ಹೊದಿಸಿದ ಹತ್ತು ಹನ್ನೆರಡು ಗುಡಿಸಲುಗಳು. ಅವನ್ನು ಅವರು ಕಾಟೇಜು ಎನ್ನುತ್ತಿದ್ದರು. ಮೆಟ್ಟಿಲಿಳಿದರೆ ಮರಳು, ನಲವತ್ತು ಹೆಜ್ಜೆ ನಡೆದರೆ ನೀರು. ಉಳಿದವರೆಲ್ಲ ಹೊಸದಾಗಿ ಮದುವೆಯಾದ ಜೋಡಿಗಳು. ಅವರ ನಡುವೆ ಸೀರೆ ಉಟ್ಟ ನನ್ನ ಹೆಂಡತಿಯೂ, ಕಚೇರಿಗೆ ಹೋಗುವ ಪ್ಯಾಂಟಿನಲ್ಲೇ ಇದ್ದ ನಾನೂ ತಪ್ಪಿ ಬಂದವರ ಹಾಗೆ ಕಾಣುತ್ತಿದ್ದೆವು. ಹೋಟೆಲು ನೋಡಿಕೊಳ್ಳುತ್ತಿದ್ದವರು ಬಂಗಾಳದ ಕಡೆಯ ಒಬ್ಬ ವಯಸ್ಸಾದವರು. ಮ್ಯಾನೇಜರ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಫೋನಿದ್ದದ್ದು ಅವರ ಕೋಣೆಯಲ್ಲಿ ಮಾತ್ರ.

ಮೊದಲ ದಿನ ಹೆಂಡತಿ ಮೆಟ್ಟಿಲ ಮೇಲೆಯೇ ಕೂತಿದ್ದಳು. ಊಟದ ತಟ್ಟೆ ತೊಳೆಯಲು ಹೋದಳು, ಅಲ್ಲಿಯ ಹೆಂಗಸು ಬಿಡಲಿಲ್ಲ. ಹಾಸಿಗೆ ಮಡಚಿದಳು, ಬೇರೆ ಯಾರೋ ಬಂದು ಮತ್ತೆ ಬಿಚ್ಚಿ ಮಡಚಿದರು. ಎರಡನೆಯ ದಿನ ಸಂಜೆ ಪಾದ ನೆನೆಯುವಷ್ಟು ನೀರಿಗಿಳಿದಳು. ಮೂರನೆಯ ದಿನ ಬೆಳಿಗ್ಗೆ ಒಂದು ಏಡಿ ಅವಳ ಕಾಲ ಮೇಲೆ ಹಾದು ಮರಳಿನ ತೂತಿನೊಳಗೆ ಹೊಕ್ಕಿತು. ಅವಳು ಕೂಗಿದಳು. ಆಮೇಲೆ ಇನ್ನೊಂದನ್ನು ಅಟ್ಟಿಸಿಕೊಂಡು ಹೋದಳು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಅಲೆ ಬಂದಾಗ ಹಿಂದಕ್ಕೆ ಓಡಿ, ಅಲೆ ಹೋದಾಗ ಮುಂದಕ್ಕೆ ಓಡಿ, ನಕ್ಕಳು. ಹದಿಮೂರು ವರ್ಷದಲ್ಲಿ ಅವಳು ಮುಗುಳ್ನಕ್ಕದ್ದು ನೋಡಿದ್ದೆ. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೋಡಿರಲಿಲ್ಲ. ಹಲವಾಗಲಿನ ಹೊಳೆಯಲ್ಲಿ ಅಕ್ಕನ ಜೊತೆ ಹೀಗೆಯೇ ಆಡುತ್ತಿದ್ದಳೇನೋ. "ಬರ್ರಿ, ನೀವೂ ಬರ್ರಿ!" ಎಂದು ಕೈಬೀಸಿ ಕರೆದಳು.

ನಾನು ಚಪ್ಪಲಿ ಬಿಡುತ್ತಿದ್ದೆ. ಮ್ಯಾನೇಜರ್ ಮರಳಿನಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತ ಬಂದರು. ಫೋನ್ ಬಂದಿದೆ, ಊರಿನಿಂದ, ಎಂದರು.

ಫೋನಿನಲ್ಲಿದ್ದದ್ದು ನನ್ನ ಷಡ್ಡಕ, ಅಂದರೆ ಅಕ್ಕನ ಗಂಡ. ಲೈನು ಸರಿಯಿರಲಿಲ್ಲ. ಅವರ ದನಿ ಹೋಗುತ್ತಿತ್ತು, ಬರುತ್ತಿತ್ತು.

"ತಮ್ಮಾ, ಆಕಿ ಹೋದ್ಲಪ. ಮುಂಜಾನಿ ಎದ್ದಾಕಿ ಎದಿ ನೋಯ್ತೈತಿ ಅಂದ್ಲು. ಹರಪನಹಳ್ಳಿ ದವಾಖಾನಿಗೆ ಒಯ್ಯೋ ದಾರ್ಯಾಗ…"

ಯಾರು ಎಂದು ನಾನು ಕೇಳಲಿಲ್ಲ. ಆದರೂ ತಿಳಿಯದವನ ಹಾಗೆ ನಿಂತಿದ್ದೆ.

"ನೀವು ಎಷ್ಟು ದಿನಕ್ಕ ಬರ್ತೀರಿ? ಐಸ್ ತರಿಸಿ ಇಡ್ತೀವಿ ಅಂತಾರ ಹುಡುಗರು. ನಾಳಿ ಸಂಜಿತನ ಇಡಬಹುದು. ನಾಡದ್ದು ಮಧ್ಯಾನತನನೂ ನೋಡಬಹುದು. ಆಕಿ ಕೈಯಾಗ ಬೆಳೆದ ಕೂಸದು. ಮುಖ ನೋಡ್ತಾಳೇನು ಅಂತ ಕೇಳಪ ಆಕಿನ."

ಕಿಟಕಿಯಿಂದ ನೀರು ಕಾಣುತ್ತಿತ್ತು. ಅವಳು ಬಗ್ಗಿ ಏನನ್ನೋ ಆರಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ದಾರಿ ಹಾಕಿದೆ. ಎರಡು ಗಂಟೆಯ ದೋಣಿ, ನಾಳೆ ಬೆಳಗಿನ ವಿಮಾನದಲ್ಲಿ ಜಾಗ ಸಿಕ್ಕರೆ ಮದ್ರಾಸು, ಅಲ್ಲಿಂದ ರಾತ್ರಿಯ ರೈಲು, ಬಳ್ಳಾರಿ, ಹರಪನಹಳ್ಳಿ. ಎಲ್ಲ ಸರಿಹೋದರೆ ನಾಡದ್ದು ಮಧ್ಯಾಹ್ನ. ಒಂದು ತಪ್ಪಿದರೂ ಇಲ್ಲ.

"ಇಡಬ್ಯಾಡ್ರಿ," ಎಂದೆ. "ನಾವು ಬಂದು ಮುಟ್ಟಾಕ ಆಗಾಂಗಿಲ್ಲ. ಇವತ್ತ ಮಣ್ಣು ಮಾಡ್ರಿ."

"ಆಕಿನ ಕೇಳಿದ್ಯಾ?" ಎಂದರು.

"ನಾ ಹೇಳ್ತೀನಿ ಆಕಿಗೆ," ಎಂದೆ.

ಮ್ಯಾನೇಜರ್ ನನ್ನ ಮುಖ ನೋಡಿ ಕುರ್ಚಿ ಕೊಟ್ಟರು, ನೀರು ಕೊಟ್ಟರು. ನನಗೆ ಬರುವಷ್ಟು ಹಿಂದಿಯಲ್ಲಿ ಹೆಂಡತಿಯ ಅಕ್ಕ ಎಂದು ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮಧ್ಯಾಹ್ನದ ದೋಣಿಯಲ್ಲಿ ಜಾಗ ಮಾಡಿಸಲೇ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ.

ಹೇಳಬೇಕೆಂದೇ ಮರಳಿನ ಮೇಲೆ ನಡೆದುಹೋದೆ. ಅವಳು ಒದ್ದೆ ಕೈಯಲ್ಲಿ ಹಿಡಿದಿದ್ದ ಗುಲಾಬಿ ಬಣ್ಣದ ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟು, "ಯಾರ್ದು ಫೋನು?" ಎಂದಳು.

"ಆಫೀಸಿಂದು," ಎಂದೆ.

ಆ ಒಂದು ಮಾತು ಬಾಯಿಂದ ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಬಂದ ಮೇಲೆ ಹಿಂದೆ ತೆಗೆದುಕೊಳ್ಳುವುದು ಪ್ರತಿ ಗಳಿಗೆಗೂ ಕಷ್ಟವಾಗುತ್ತ ಹೋಯಿತು. ಊಟಕ್ಕೆ ಕೂತಾಗ ಹೇಳೋಣವೆಂದುಕೊಂಡೆ. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಉಣ್ಣಲಿ ಎಂದು ಬಿಟ್ಟೆ. ಊಟವಾದ ಮೇಲೆ ಮಲಗಿದಳು. ನಾನು ಒಬ್ಬನೇ ದೋಣಿಕಟ್ಟೆಗೆ ಹೋದೆ. ಟಿಕೆಟ್ಟಿನ ಕಿಟಕಿ ತೆರೆದಿತ್ತು. ಐದಾರು ಜನ ಅಡಿಕೆಯ ಚೀಲಗಳನ್ನು ದೋಣಿಗೆ ಏರಿಸುತ್ತಿದ್ದರು. ಒಂದು ಮೋಟಾರ್ ಸೈಕಲನ್ನು ಹಗ್ಗ ಕಟ್ಟಿ ಇಳಿಸಿದರು. ಹಗ್ಗ ಬಿಚ್ಚಿದ ಮೇಲೂ ದೋಣಿ ಸ್ವಲ್ಪ ಹೊತ್ತು ಕಟ್ಟೆಗೆ ಹತ್ತಿಯೇ ಇತ್ತು. ಕೂಗಿದ್ದರೆ ನಿಲ್ಲಿಸುತ್ತಿದ್ದರು. ನಾನು ಕೂಗಲಿಲ್ಲ. ಅದು ಹೋಗಿ ಸಣ್ಣದಾಗುವವರೆಗೆ ನೋಡಿದೆ.

ಅವಳಿಗಾಗಿ ಹೀಗೆ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮಣ್ಣಂತೂ ಸಿಗುವುದಿಲ್ಲ, ದಾರಿಯುದ್ದಕ್ಕೂ ಅಳಿಸುವುದೇಕೆ, ಇನ್ನೆರಡು ದಿನ ಕಳೆದರೆ ಹೇಗೂ ಹೊರಡುತ್ತೇವೆ. ಇದರಲ್ಲಿ ಸುಳ್ಳಿರಲಿಲ್ಲ. ಆದರೆ ಪೂರ್ತಿ ನಿಜವೂ ಇರಲಿಲ್ಲ. ಆ ನಗು ನನಗೆ ಬೇಕಾಗಿತ್ತು. ಹದಿಮೂರು ವರ್ಷಕ್ಕೆ ಒಂದು ಸಲ ನನ್ನ ಕೈಯಿಂದ ಅವಳಿಗೆ ಸುಖ ಸಿಕ್ಕಿತ್ತು. ಅದು ಒಂದೇ ಬೆಳಿಗ್ಗೆಗೆ ಮುಗಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಆ ಸಂಜೆ ಅವಳು ದೋಣಿಕಟ್ಟೆಯ ಹತ್ತಿರದ ಚಿಪ್ಪಿನ ಅಂಗಡಿಗೆ ಎಳೆದುಕೊಂಡು ಹೋದಳು. ಅಕ್ಕನಿಗೆ ಶಂಖದ ಬಳೆ ಬೇಕಂತೆ. ಒಂದನ್ನು ತನ್ನ ಕೈಗೆ ಹಾಕಿ ನೋಡಿ, "ಅಕ್ಕನ ಕೈ ನನಗಿಂತ ದಪ್ಪ ಐತಿ. ಇದು ಹಿಡೀತೈತೇನ್ರಿ?" ಎಂದು ಕೇಳಿದಳು.

"ಹಿಡೀತೈತಿ," ಎಂದೆ.

ಹಲವಾಗಲಿನಲ್ಲಿ ಅದೇ ಹೊತ್ತಿಗೆ ಮಣ್ಣು ಮಾಡುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಮರುದಿನ ಗಾಳಿ ಎದ್ದಿತು. ಸಮುದ್ರ ಬೂದಿ ಬಣ್ಣವಾಯಿತು. ಬೆಳಗಿನ ದೋಣಿ ಬರಲಿಲ್ಲ. ಗಾಳಿ ಇಳಿಯುವವರೆಗೆ ದೋಣಿಯಿಲ್ಲವೆಂದು ಕಟ್ಟೆಯಲ್ಲಿ ಬರೆದು ಹಾಕಿದ್ದರು. ಹೆಂಡತಿ ಅಕ್ಕನಿಗೊಂದು ಫೋನ್ ಮಾಡೋಣವೆಂದಳು. ಲೈನು ಕೆಟ್ಟಿದೆ ಎಂದೆ. "ಈ ಗಾಳಿಗೆ ಕಂಬ ಬಿದ್ದಿರಬೇಕು," ಎಂದು ಅವಳೇ ನನ್ನ ಸುಳ್ಳಿಗೆ ಆಸರೆ ಕೊಟ್ಟಳು.

ಫೋನ್ ಬಂದ ಮೂರನೆಯ ದಿನ ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದೆವು. ಮ್ಯಾನೇಜರ್ ನಮ್ಮ ಮೇಜಿನ ಹತ್ತಿರ ಬಂದರು. ಎರಡು ದಿನ ಅವರು ದೂರದಿಂದಲೇ ಅವಳನ್ನು ನೋಡಿ ತಲೆ ಬಗ್ಗಿಸಿ ಹೋಗುತ್ತಿದ್ದರು. ಇಷ್ಟು ಗಟ್ಟಿಯಾದ ಹೆಂಗಸು ಎಂದುಕೊಂಡಿದ್ದರೋ ಏನೋ. ನಾನು ತಡೆಯುವ ಮೊದಲೇ ಕೈಮುಗಿದು ಅವಳಿಗೆ ಹಿಂದಿಯಲ್ಲಿ ಹೇಳಿಬಿಟ್ಟರು: ನಿಮ್ಮ ದೀದಿ ಗುಜರ್ ಗಯೀ ಎಂದು ಕೇಳಿ ಬಹಳ ದುಃಖವಾಯಿತು, ದೋಣಿ ಶುರುವಾದ ತಕ್ಷಣ ನಿಮಗೇ ಮೊದಲು ಜಾಗ ಕೊಡಿಸುತ್ತೇನೆ.

ನನ್ನ ಹೆಂಡತಿಗೆ ಹಿಂದಿ ಬರುವುದಿಲ್ಲ. ಆದರೆ ಕೂಡ್ಲಿಗಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಮೋಟಾರು ಮೆಕ್ಯಾನಿಕ್ ಒಬ್ಬರದು, ಮುಸಲ್ಮಾನರು. ಆ ಮನೆಯ ಅಜ್ಜಿ ಯಾರಾದರೂ ಸತ್ತ ಸುದ್ದಿಯನ್ನು ಗೋಡೆಯ ಮೇಲಿಂದ ಹೇಳುವಾಗ 'ಗುಜರ್ ಗಯೇ' ಎನ್ನುತ್ತಿದ್ದರು. ಆ ಮಾತು ಅವಳಿಗೆ ಗೊತ್ತಿತ್ತು. ದೀದಿ ಯಾರೆಂಬುದೂ ಗೊತ್ತಿತ್ತು.

ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. ಮ್ಯಾನೇಜರ್ ಹೋದರು.

"ಯಾವಾಗ?" ಎಂದಳು.

"ಮೊನ್ನಿ."

"ಮೊನ್ನಿ ಯಾವಾಗ?"

"ಮುಂಜಾನಿ. ಫೋನ್ ಬಂತಲ್ಲ, ಆವಾಗ."

"ಆವಾಗ ನಾನು ನೀರಾಗಿದ್ದೆ."

"ಹೂಂ."

"ನಾನು ನಗತಿದ್ದೆ. ನೀವು ನೋಡತಿದ್ರಿ."

ನನಗೆ ಅಳು ಬಂತು. ನಾನು ಅತ್ತದ್ದನ್ನು ನೋಡಿ ಅವಳು ನಿಧಾನವಾಗಿ ಎದ್ದು ನಿಂತಳು. "ನೀವು ಅಳಬ್ಯಾಡ್ರಿ," ಎಂದಳು. ಸಮಾಧಾನ ಮಾಡುವ ದನಿಯಾಗಿರಲಿಲ್ಲ ಅದು. "ನನ್ನ ಅಕ್ಕ ಆಕಿ. ಮೊದಲು ನಾ ಅಳಬೇಕಾಗಿತ್ತು."

ಸೀರೆಯನ್ನೂ ಎತ್ತಿ ಸಿಕ್ಕಿಸದೆ ನೇರ ಸಮುದ್ರಕ್ಕೆ ನಡೆದಳು. ನಾನು ಹೆದರಿ ಹಿಂದೆ ಓಡಿದೆ. ಅವಳು ಸೊಂಟದವರೆಗೆ ಇಳಿದು, ಕೂದಲು ಬಿಚ್ಚಿ, ಮೂರು ಸಲ ಮುಳುಗಿ ಎದ್ದಳು. ನಮ್ಮ ಕಡೆ ಸಾವಿನ ಸುದ್ದಿ ಕೇಳಿದೊಡನೆ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಅವಳು ಎರಡು ದಿನ ತಡವಾಗಿ ಹಾಕಿಕೊಂಡಳು. ಆಮೇಲೆ ದಡಕ್ಕೆ ಬಂದು ಕೂತು, ಅಕ್ಕನ ಹೆಸರು ಹಿಡಿದು, ಹಾಡಿಕೊಂಡು ಅತ್ತಳು. ಊರಿನಲ್ಲಾಗಿದ್ದರೆ ಹತ್ತು ಹೆಂಗಸರು ಅವಳ ಸುತ್ತ ಕೂತು ದನಿ ಕೂಡಿಸುತ್ತಿದ್ದರು. ಇಲ್ಲಿ ಒಂದು ಹೊಸ ಜೋಡಿ ಕೈ ಕೈ ಹಿಡಿದು ಬಂದು, ಕಂಡು ಗಾಬರಿಯಾಗಿ ಬೇರೆ ದಿಕ್ಕಿಗೆ ತಿರುಗಿತು. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಹತ್ತಿರ ಹೋಗಲು ಧೈರ್ಯವಾಗಲಿಲ್ಲ.

ಸಾಕಾದ ಮೇಲೆ ಅವಳೇ ಕೇಳಿದಳು, "ದೋಣಿ ಯಾವಾಗ?"

ಗಾಳಿ ಇಳಿಯಬೇಕು ಎಂದೆ.

"ಮೊನ್ನಿ ಇತ್ತಲ್ಲ ದೋಣಿ?"

ಇತ್ತು ಎಂದೆ.

ಗಾಳಿ ಇನ್ನೂ ಎರಡು ದಿನ ಇಳಿಯಲಿಲ್ಲ. ಆ ಎರಡು ದಿನ ಅವಳು ಕಾಟೇಜಿನೊಳಗೆ ಸಮುದ್ರಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದಳು. ಮ್ಯಾನೇಜರಿಗೆ ತನ್ನಿಂದ ಏನಾಯಿತೆಂದು ಅರ್ಥವಾಗಿರಬೇಕು. ಒಗ್ಗರಣೆಯಿಲ್ಲದ ಬೇಳೆ, ಬಿಳಿ ಅನ್ನ ಕಳಿಸುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಹೊರಡುವ ದಿನ ಶಂಖದ ಬಳೆಗಳನ್ನು ಅವಳು ಊಟ ಬಡಿಸುತ್ತಿದ್ದ ಹೆಂಗಸಿನ ಕೈಗೆ ಹಾಕಿದಳು.

ಹಲವಾಗಲು ಮುಟ್ಟಿದ್ದು ಅಕ್ಕ ತೀರಿಕೊಂಡ ಒಂಬತ್ತನೆಯ ದಿನ. ಮಣ್ಣು ಹೊಳೆದಂಡೆಯ ಹೊಲದಲ್ಲಿ ಮಾಡಿದ್ದರು. ಗುಡ್ಡೆ ಆಗಲೇ ಬಿರುಕು ಬಿಟ್ಟಿತ್ತು. ಅಕ್ಕನ ಮಗಳು ಓಡಿ ಬಂದು ನನ್ನ ಹೆಂಡತಿಯ ಕೊರಳಿಗೆ ಬಿದ್ದಳು. "ಚಿಗವ್ವಾ, ಅವತ್ತ ಫೋನ್ ಮಾಡಿದ್ವಲ್ಲ, ಯಾಕ ಬರಲಿಲ್ಲ?"

"ಹಡಗ ಇರಲಿಲ್ಲವ್ವಾ," ಎಂದಳು ನನ್ನ ಹೆಂಡತಿ. "ಗಾಳಿ ಇತ್ತು. ಸಮುದ್ರ ಬಿಡಲಿಲ್ಲ."

ಅವಳು ನನ್ನನ್ನು ಕಾಪಾಡಿದಳು. ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಕಟ್ಟೆಯ ಮೇಲೆ ಕೂತಿದ್ದ ಷಡ್ಡಕ ತಲೆಯಾಡಿಸಿ, "ಹೌದವ್ವ, ನಿನ್ನ ಗಂಡನೂ ಅದನ್ನ ಅಂದ. ನಾವು ಐಸ್ ಹಾಕಿ ನಾಡದ್ದಿನತನ ಇಡಾಕ ತಯಾರಿದ್ವಿ. ಆತನೇ ಇಡಬ್ಯಾಡ್ರಿ ಅಂದ," ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಹೇಳಿದರು.

ನನ್ನ ಹೆಂಡತಿ ಹುಡುಗಿಯ ಬೆನ್ನು ಸವರುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. ಮತ್ತೆ ಸವರತೊಡಗಿತು. ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಅವಳು ನನ್ನನ್ನು ಬಿಟ್ಟು ಹೋಗಲಿಲ್ಲ, ಅಡಿಗೆ ನಿಲ್ಲಿಸಲಿಲ್ಲ, ಜಗಳವನ್ನೂ ಆಡಲಿಲ್ಲ. ಹೊರಗಿನವರಿಗೆ ನಮ್ಮ ಮನೆಯಲ್ಲಿ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಆದರೆ ಸಣ್ಣ ಪುಟ್ಟ ಮಾತುಗಳನ್ನು ನನಗೆ ಹೇಳುವುದನ್ನು ಬಿಟ್ಟಳು. ನಲ್ಲಿಯ ಹತ್ತಿರ ಏನಾಯಿತು, ಸಂತೆಯಲ್ಲಿ ಯಾರು ಸಿಕ್ಕರು, ಇಂಥವು. ಪಕ್ಕದ ಮನೆಯ ಹೆಂಗಸರೊಡನೆ ಗೋಡೆಯ ಹತ್ತಿರ ನಿಂತು ನಗುತ್ತಿದ್ದವಳು ನನ್ನ ಸೈಕಲ್ಲಿನ ಸದ್ದಾದರೆ ನಗು ನಿಲ್ಲಿಸುತ್ತಿದ್ದಳು. ಮನೆಗೆ ಫೋನ್ ಹಾಕಿಸಿದ ಮೇಲೆ, ಅದು ಹೊಡೆದುಕೊಂಡಾಗ ನಾನು ಪಕ್ಕದಲ್ಲೇ ಕೂತಿದ್ದರೂ ಒಲೆಯ ಮುಂದಿಂದ ಓಡಿ ಬಂದು ಅವಳೇ ಎತ್ತುತ್ತಿದ್ದಳು. ಕ್ಷಮಿಸು ಎಂದು ನಾನು ಎರಡು ಸಲ ಕೇಳಿದೆ. ಎರಡೂ ಸಲ "ಊಟ ಮಾಡ್ರಿ" ಎಂದಳು.

ನಾಲ್ಕು ವರ್ಷ ಕಳೆದವು. ಒಂದು ಬೇಸಿಗೆಯ ಮಧ್ಯಾಹ್ನ ನಾನು ಕಚೇರಿಯಲ್ಲಿ ರಿಜಿಸ್ಟರ್ ಪತ್ರಗಳಿಗೆ ಮುದ್ರೆ ಒತ್ತುತ್ತಿದ್ದೆ. ಕಿಟಕಿಯ ಮುಂದೆ ಸಾಲು ಇತ್ತು. ಸಾಲನ್ನು ಬಿಟ್ಟು ಪಕ್ಕದಿಂದ ಒಬ್ಬ ಹೆಂಗಸು ಬಂದು ನಿಂತಳು. ತಲೆಯೆತ್ತಿದರೆ ನನ್ನ ಹೆಂಡತಿ. ಅಷ್ಟು ವರ್ಷದಲ್ಲಿ ಅವಳು ಕಚೇರಿಗೆ ಬಂದದ್ದು ಅದೇ ಮೊದಲು. ಬಿಸಿಲಿನಲ್ಲಿ ನಡೆದು ಬಂದು ಉಸಿರು ಹತ್ತಿತ್ತು.

"ನಿಮ್ಮಣ್ಣ ಹೋದ್ರಂತ," ಎಂದಳು. ನನ್ನ ಅಣ್ಣ ಹೊಸಹಳ್ಳಿಯಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ. "ಈಗ ಫೋನ್ ಬಂತು, ಹತ್ತು ನಿಮಿಷಾತು. ಗೋಡಿ ಮ್ಯಾಲಿಂದ ಬಿದ್ರಂತ. ಏಳ್ರಿ. ನೀವು ಬರೋತನ ತೆಗಿಯಬಾರದು ಅಂತ ಹೇಳೀನಿ."

ಕೈಯಲ್ಲಿದ್ದ ಮುದ್ರೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದವರು ತೆಗೆದುಕೊಂಡರು. ನಾನು ಹೊರಗೆ ಬರುವಷ್ಟರಲ್ಲಿ ಅವಳು ಬಸ್ ನಿಲ್ದಾಣಕ್ಕೆ ಆಟೋ ನಿಲ್ಲಿಸಿಕೊಂಡಿದ್ದಳು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ನಿಂತೆ. ದಾರಿಯುದ್ದಕ್ಕೂ ಅತ್ತೆ. ಯಾರೋ ಎದ್ದು ಜಾಗ ಕೊಟ್ಟರು.

ಅಣ್ಣನನ್ನು ಮನೆಯ ಮುಂದೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ಗಾಯವಾಗಿತ್ತು. ಅದನ್ನು ಮುಟ್ಟಿದೆ, ಮುಖ ನೋಡಿದೆ, ಹೆಗಲು ಕೊಟ್ಟೆ, ನನ್ನ ಪಾಲಿನ ಮಣ್ಣು ಹಾಕಿದೆ. ಎಲ್ಲ ಮುಗಿಸಿ ಬಂದಾಗ ಬಾಗಿಲಲ್ಲಿ ಅವಳು ತಂಬಿಗೆ ಹಿಡಿದು ನಿಂತಿದ್ದಳು. ಒಬ್ಬೊಬ್ಬರ ಕೈಗೂ ನೀರು ಹಾಕುತ್ತ ಬಂದು ನನ್ನ ಸರದಿಗೆ ತಂಬಿಗೆ ಬಗ್ಗಿಸಿದಳು.

"ಮುಖನೂ ತೊಳ್ಕಳ್ರಿ," ಎಂದಳು.